ಬಾಗಿಲ ಬಳಿಯ ಸೀಟು

ಡುಲ್ಸಿನ್ ಬಾಯಿಯವರಿಗೆ ಮಣಿಪಾಲದಿಂದ ಶೇಖರನ ನಮಸ್ಕಾರಗಳು.

ಆಫೀಸಿನ ಕಾಗದವೆಂದು ಗಾಬರಿಯಾಗಬೇಡಿ. ಇದಕ್ಕೆ ಸೀಲಿಲ್ಲ, ಪ್ರತಿಯನ್ನೂ ಯಾರಿಗೂ ಕಳಿಸಿಲ್ಲ. ಕುರ್ಚಿ, ಫ್ಯಾನು, ಬೀಗ ನೋಡಿಕೊಳ್ಳುವವನಿಗೆ ಕಾಗದ ಬರೆದು ಅಭ್ಯಾಸವಿಲ್ಲ. ಅಲ್ಲಲ್ಲಿ ಸುತ್ತೋಲೆಯ ವಾಸನೆ ಬಂದರೆ ಸಹಿಸಿಕೊಳ್ಳಿ.

ನಮ್ಮ ಹೊಸ ಆಫೀಸನ್ನು ನೀವಿನ್ನೂ ನೋಡಿಲ್ಲ. ಹಳೆಯ ಕ್ಯಾಬಿನ್‌ಗಳಿಲ್ಲ, ತಲೆಯೆತ್ತರದ ಅಡ್ಡಗೋಡೆಗಳಿಲ್ಲ. ಉದ್ದನೆಯ ಮೇಜುಗಳು, ಫೋನಿನಲ್ಲಿ ಮಾತಾಡಲು ಗಾಜಿನ ಪುಟ್ಟ ಕೋಣೆಗಳು, ಹರಟೆಗೆಂದೇ ಸೋಫಾ ಇಟ್ಟ ಒಂದು ಮೂಲೆ. ಅರ್ಧ ಜನ ಮನೆಯಿಂದಲೇ ಕೆಲಸ ಮಾಡುವಾಗ ಎಲ್ಲರಿಗೂ ಮೇಜು ಏಕೆ ಎಂಬುದು ವಿನ್ಯಾಸ ಮಾಡಿದ ಮೋಕ್ಷಾ ಎಂಬ ಹುಡುಗಿಯ ವಾದ. ತಪ್ಪೇನಲ್ಲ. ಬರುವವರು ಹಿಂದಿನ ದಿನವೇ ಮೊಬೈಲಿನಲ್ಲಿ ಸೀಟು ಬುಕ್ ಮಾಡಬೇಕು. ಮೊದಲ ವಾರ ನಮ್ಮವರು ಕಾರ್ಕಳದ ಬಸ್ಸಿನ ಕಿಟಕಿಯೊಳಗೆ ಎಸೆಯುವ ಹಾಗೆ ಮೇಜಿನ ಮೇಲೆ ಕರ್ಚೀಫು ಎಸೆದು ಚಹಾಕ್ಕೆ ಹೋದರು. ಕರ್ಚೀಫು ಇಟ್ಟು ಸೀಟು ಹಿಡಿಯಬಾರದೆಂದು ಸುತ್ತೋಲೆ ಹೊರಡಿಸಿದೆ. ಸಹಿ ಹಾಕುವಾಗ ನನಗೇ ನಗು ಬಂತು. ಮಧ್ಯಾಹ್ನ ನೋಡಿದರೆ ಕರ್ಚೀಫುಗಳ ಜಾಗದಲ್ಲಿ ಟಿಫಿನ್ ಡಬ್ಬಿಗಳು ಕೂತಿದ್ದವು.

ಹಳೆಯದನ್ನು ಕೆಡಹುವ ಮೊದಲು ಮೋಕ್ಷಾ ಎಲ್ಲರನ್ನೂ ಏನು ಬೇಕೆಂದು ಕೇಳಿದ್ದಳು. ಸುಕೇಶ್ ನಿಂತು ಕೆಲಸ ಮಾಡುವ ಮೇಜು ಕೇಳಿದ. ತರಿಸಿಕೊಟ್ಟೆವು, ಈಗ ಅದರ ಮುಂದೆ ಎತ್ತರದ ಸ್ಟೂಲ್ ಹಾಕಿಕೊಂಡು ಕೂರುತ್ತಾನೆ. ನೀವು ಹೇಳಿದ್ದು ಇಷ್ಟೇ: "ನನಗೆ ಬೇರೆ ಎಂತ ಬೇಡ. ಡ್ರಾಯರೊಂದು ಉಂಟಲ್ವಾ, ಅದು ಇದ್ದರೆ ಸಾಕು."

ನಕ್ಷೆ ಬಂದಾಗ ಯಾವ ಮೇಜಿಗೂ ಡ್ರಾಯರ್ ಇರಲಿಲ್ಲ. ಡ್ರಾಯರ್ ಇದ್ದರೆ ಮೇಜಿಗೊಬ್ಬ ಒಡೆಯ ಹುಟ್ಟಿಕೊಳ್ಳುತ್ತಾನಂತೆ. ನಿಮ್ಮನ್ನು ಕಾಯಂ ಆಗಿ ಮನೆಯಿಂದ ಕೆಲಸ ಮಾಡುವವರ ಜೊತೆ ಸೇರಿಸಿದರು. ಕಾಪುವಿನಿಂದ ದಿನವೂ ಬಸ್ಸಿನಲ್ಲಿ ನೇತಾಡುವುದು ತಪ್ಪಿತು, ನಿಮಗೆ ಅನುಕೂಲ ಮಾಡಿಕೊಟ್ಟೆವು ಎಂದೇ ಎಲ್ಲರೂ ನಂಬಿದ್ದೆವು.

ನಿಮ್ಮ ಡ್ರಾಯರ್ ಖಾಲಿ ಮಾಡಿದವನು ನಾನೇ. ಬಾಚಣಿಗೆ, ಒಂದು ಜೊತೆ ಚಪ್ಪಲಿ, ಸೂಜಿದಾರ, ತಲೆನೋವಿನ ಮುಲಾಮು, ಅರ್ಧ ತಿಂದ ಚಿಕ್ಕಿ. ಬಟ್ಟೆಚೀಲಕ್ಕೆ ತುಂಬಿ ಕಾಪುವಿಗೆ ತಂದೆ. ನಿಮ್ಮ ತಮ್ಮ ಜೆಫ್ರಿ ಕುವೈತಿನಿಂದ ಸಂಸಾರ ಸಮೇತ ಮರಳಿದ್ದರು, ಮನೆ ತುಂಬಿತ್ತು. ಒಳ್ಳೆಯ ಜನ. ಅವರ ಹೆಂಡತಿ ವಿಲ್ಮಾ ಬೇಡವೆಂದರೂ ಕೇಳದೆ ಎರಡನೇ ಲೋಟ ಚಹಾ ಕೊಟ್ಟರು. ನಿಮ್ಮ ಲ್ಯಾಪ್‌ಟಾಪ್ ಮುಚ್ಚಿದ ಹೊಲಿಗೆ ಮಿಷನ್ನಿನ ಮೇಲಿತ್ತು. ವಿಲ್ಮಾ ಹೊಲಿಯಲು ಬಂದಾಗ ನೀವು ಅದನ್ನೆತ್ತಿಕೊಂಡು ಮಂಚಕ್ಕೆ ಹೋದಿರಿ, ಮಂಚದಲ್ಲಿ ಮಕ್ಕಳು ಆಡತೊಡಗಿದಾಗ ಊಟದ ಮೇಜಿಗೆ. ಆನ್‌ಲೈನ್ ಮೀಟಿಂಗಿನಲ್ಲಿ ನಿಮ್ಮ ಕಡೆಯಿಂದ ಕೇಳಿಸಿ ನಾವೆಲ್ಲ ತಮಾಷೆ ಮಾಡುತ್ತಿದ್ದ ಕುಕ್ಕರಿನ ಸೀಟಿ ನಿಮ್ಮ ಬೆನ್ನ ಹಿಂದೆಯೇ ಕೂಗುತ್ತಿತ್ತು.

ಚೀಲವನ್ನು ಎಲ್ಲಿಡಲಿ ಎಂದು ಕೇಳಿದೆ. ನೀವು ಕಪಾಟಿನ ಕಡೆ ನೋಡಿದಿರಿ, ಮಂಚದ ಕೆಳಗೆ ನೋಡಿದಿರಿ, ಟಿವಿಯ ಮೇಲೂ ನೋಡಿದಿರಿ. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ನಾನು ಹೊರಡುವವರೆಗೂ ಹಾಗೆಯೇ ಕೂತಿದ್ದಿರಿ.

ಗೇಟಿನವರೆಗೆ ಬಂದು ಹೇಳಿದ್ದು ನೆನಪಿದೆ. "ಕೆಲಸ ಬಿಡುವುದೇ ಒಳ್ಳೆಯದು ಅಂತ ಕಾಣ್ತದೆ ಶೇಖರಣ್ಣ. ಅಲ್ಲಿ ನಾನು ಡುಲ್ಸಿನ್ ಅಂತ ಒಬ್ಬಳು ಇದ್ದೆ. ಇಲ್ಲಿ ಅಕ್ಕ, ಆಂಟಿ, ಅಷ್ಟೇ. ಈ ತಿಂಗಳು ಮುಗಿಯುವಾಗ ಬರೆದು ಕೊಡ್ತೇನೆ." ನಾನು ತಲೆಯಾಡಿಸಿ ಸ್ಕೂಟರ್ ಹತ್ತಿದೆ.

ಕಳೆದ ವಾರ ಬೆಂಕಿ ಸುರಕ್ಷತೆಯ ಸಭೆ ನಡೆಯಿತು. ಅಪಾಯದ ಗಂಟೆ ಬಾರಿಸಿದರೆ ಎಲ್ಲರನ್ನೂ ಹೊರಗೆ ಕಳಿಸಿ, ಒಳಗೆ ಯಾರೂ ಉಳಿದಿಲ್ಲವೆಂದು ನೋಡಲು ಮಹಡಿಗೊಬ್ಬರು ಬೇಕು. ಅವರು ದಿನವೂ ಬರಬೇಕು, ಬಾಗಿಲ ಬಳಿ ಒಂದೇ ಜಾಗದಲ್ಲಿ ಕೂರಬೇಕು. ಹಿಂದೆ ಇದು ಯೋಚಿಸುವ ವಿಷಯವೇ ಆಗಿರಲಿಲ್ಲ. ಈಗ ನಾಳೆ ಯಾರು ಬರುತ್ತಾರೆಂಬುದು ಮೊಬೈಲಿಗೆ ಮಾತ್ರ ಗೊತ್ತು. "ದಿನಾ ಬರ್ಲಿಕ್ಕೆ ಯಾರಾದ್ರೂ ಇದ್ದೀರಾ ಮಾರಾಯ್ರೆ?" ಎಂದು ಮ್ಯಾನೇಜರ್ ಡ್ಯಾರಿಲ್ ಕೇಳಿದರು. ಎಲ್ಲರೂ ತಂತಮ್ಮ ಮೊಬೈಲ್ ನೋಡಿಕೊಂಡರು. ನಾನು ನಿಮ್ಮ ಹೆಸರು ಹೇಳಿದೆ. "ಅವರು ಮನೆಯಲ್ಲಿ ಆರಾಮ ಇದ್ದಾರಲ್ವಾ?" ಅಂದರು. "ಇಲ್ಲ" ಅಂದೆ. ಸಭೆಗಳಲ್ಲಿ ಇಷ್ಟು ಚುಟುಕಾಗಿ ನಾನು ಎಂದೂ ಮಾತಾಡಿದವನಲ್ಲ. ಮೋಕ್ಷಾ ನಕ್ಷೆ ತೆರೆದು, ಬಾಗಿಲ ಬಳಿಯ ಗಿಡದ ಕುಂಡವನ್ನು ಅಳಿಸಿ, ಅಲ್ಲೊಂದು ಕುರ್ಚಿ ಬರೆದಳು.

ಇದನ್ನು ಉಪಕಾರವೆಂದುಕೊಳ್ಳಬೇಡಿ. ನಿಮ್ಮ ಈಗಿನ ಕೆಲಸದ ಜೊತೆಗೆ ಇದೂ ಒಂದು, ತರಬೇತಿಯೂ ಇದೆ. ಸುಕೇಶನಂಥವರನ್ನು ಸ್ಟೂಲಿನಿಂದ ಎಬ್ಬಿಸಿ ಮೆಟ್ಟಿಲಿಳಿಸುವುದು ಸುಲಭವೂ ಅಲ್ಲ. ಬೇಡವೆನಿಸಿದರೆ ಬೇಡವೆನ್ನಿ, ರಾಜೀನಾಮೆಯ ಕಾಗದವನ್ನು ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.

ಆ ಸೀಟಿನ ಪಕ್ಕ ಒಂದು ಸಣ್ಣ ಕಬ್ಬಿಣದ ಕಪಾಟು ಹಾಕಿಸಿದ್ದೇವೆ. ಕೆಳಗಿನ ಶೆಲ್ಫಿನಲ್ಲಿ ಕಿತ್ತಳೆ ಬಣ್ಣದ ಜಾಕೆಟ್, ಟಾರ್ಚು, ಒಂದು ಸೀಟಿ. ಮೇಲಿನದು ಖಾಲಿ. ಅದರಲ್ಲಿ ಏನಿಡಬೇಕೆಂದು ನಿಯಮದಲ್ಲಿ ಬರೆದಿಲ್ಲ, ನಾನೂ ಸುತ್ತೋಲೆ ಹೊರಡಿಸುವುದಿಲ್ಲ. ಕಪಾಟಿನ ಕೀ ಈ ಕಾಗದದ ಮಡಿಕೆಯಲ್ಲಿದೆ, ಬೀಳಿಸಿಕೊಳ್ಳಬೇಡಿ. ಆಫೀಸಿನ ಪ್ರತಿಯೊಂದು ಬೀಗಕ್ಕೂ ಇನ್ನೊಂದು ಕೀ ನನ್ನ ಗೊಂಚಲಿನಲ್ಲಿರುತ್ತದೆ. ಇದಕ್ಕೆ ಮಾತ್ರ ಇಲ್ಲ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಆ ಸೀಟಿ ಊದುವ ದಿನ ಎಂದೂ ಬಾರದಿರಲಿ.

ನಿಮ್ಮವನೇ ಆದ,
ಶೇಖರ