ಮುಷ್ಟಿಯ ಕತ್ತು

ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಆರು ತಿಂಗಳು ಬರೆಯದೆ ಕೂತಿದ್ದಕ್ಕೆ ಎಷ್ಟಾದರೂ ಬೈ, ಕಾಗದ ಮಾತ್ರ ಪೂರ್ತಿ ಓದು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳ ಅಕ್ಷರ, ನಿಧಾನವಾಗಿ ಓದಬೇಕು.

ನಮ್ಮ ಮುಷ್ಟಿ ಹೋದ ವಾರ ಮತ್ತೆ ಕಿರುಚತೊಡಗಿತು. ಎತ್ತಿಕೊಂಡರೆ ಅಳು, ನಡೆದರೆ ಕಾಲು ಅಡ್ಡಾದಿಡ್ಡಿ. ನಾನು ಕೆಲಸಕ್ಕೆ ಹೋಗುವ ಹೊಲಿಗೆ ಅಂಗಡಿಯವರು, "ನಾಯಿಗೂ ನಿನ್ನ ಹಾಗೇ ನಾಜೂಕು ಕಣೇ" ಎಂದು ನಕ್ಕರು. ನಾನು ಬುಟ್ಟಿಯಲ್ಲಿ ಮಲಗಿಸಿ ಪ್ರಾಣಿಗಳ ಆಸ್ಪತ್ರೆಗೆ ಒಯ್ದೆ.

ಡಾಕ್ಟರಮ್ಮ ಎಲ್ಲಿ ನೋವು ಎಂದು ಕೇಳಿದರು. ನನಗೆ ಹೊಸಬರ ಮುಂದೆ ಬಾಯಿ ಬರುವುದಿಲ್ಲವಲ್ಲ! ತೋರಿಸೋಣವೆಂದು ಮುಷ್ಟಿಯ ಗದ್ದ ಹಿಡಿದು ಎದೆಯ ಕಡೆಗೆ ಬಗ್ಗಿಸಲು ಹೋದೆ.

"ಅಯ್ಯೋ, ಬಿಡಮ್ಮಾ ಕೈ!" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಇಂಥ ಪುಟ್ಟ ಜಾತಿ ನಾಯಿಗಳಿಗೆ ಕತ್ತಿನ ಮೊದಲೆರಡು ಮೂಳೆ ಸಡಿಲ ಇರಬಹುದು. ಬಗ್ಗಿಸಿದ್ರೆ ಬೆನ್ನುಹುರಿ ಒತ್ತಿ ಉಸಿರೇ ನಿಂತುಹೋದೀತು."

ಕತ್ತಿನ ಕೆಳಗೆ ಟವೆಲ್ ಇಟ್ಟು, ತಲೆ ಅಲುಗದಂತೆ ಎಕ್ಸ್-ರೇ ತೆಗೆದರು. ಆ ಎರಡು ಮೂಳೆಗಳ ನಡುವೆ ಇರಬೇಕಾದ್ದಕ್ಕಿಂತ ಹೆಚ್ಚು ಸಂದು. ಅದೊಂದೇ ಸಾಲದೆಂದು ಮತ್ತು ಬರಿಸಿ ಸಿಟಿ ಸ್ಕ್ಯಾನ್ ಮಾಡಿದರು.

"ಎರಡನೇ ಮೂಳೆಗೆ ಮೊಳೆ ಥರದ ಒಂದು ಚಾಚು ಇರಬೇಕು, ಮೊದಲನೆಯದರ ಉಂಗುರದೊಳಗೆ ಕೂರೋಕೆ. ಇದಕ್ಕೆ ಹುಟ್ಟಿನಿಂದಲೇ ಅದಿಲ್ಲ."

"ಕಾಜ ಇದೆ, ಗುಂಡಿ ಹಚ್ಚಿಲ್ಲ. ಹಾಗಾ ಮೇಡಂ?"

"ನಾನೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಬಿಡು" ಎಂದು ನಕ್ಕರು.

ಈಗ ಎರಡು ತಿಂಗಳು ಕತ್ತಿಗೆ ಪಟ್ಟಿ, ಓಡಾಟವಿಲ್ಲ. ನೋವು ಹಿಡಿತಕ್ಕೆ ಬರದಿದ್ದರೆ ಆಪರೇಷನ್. ಇವತ್ತು ನನ್ನ ಕೈಯಿಂದ ಗಂಜಿ ನೆಕ್ಕಿತು.

ಅಕ್ಕಾ, ಆರು ತಿಂಗಳ ಹಿಂದೆ ಮುಷ್ಟಿ ಮೊದಲು ಕಿರುಚಿದಾಗ, ನಿನ್ನ ಮಗಳು ಪುಟ್ಟಿ ಬೀಳಿಸಿದ್ದರಿಂದ ಹೀಗಾಯಿತೆಂದು ನೀನು ಅವಳಿಗೆ ಹೊಡೆದು ಎಳೆದುಕೊಂಡು ಹೋದೆ. ಆಮೇಲೆ ಅವಳು ಯಾವ ನಾಯಿಯನ್ನೂ ಮುಟ್ಟುತ್ತಿಲ್ಲವೆಂದು ಭಾವ ಫೋನಿನಲ್ಲಿ ಹೇಳಿದರು. ಇದು ಹುಟ್ಟಿನಿಂದ ಬಂದದ್ದು ಎಂದು ಅವಳಿಗೆ ಹೇಳು. ಭಾವನಿಗೆ ನಮಸ್ಕಾರ. ಪುಟ್ಟಿ ನೂರು ಕಾಲ ನಗುತ್ತಿರಲಿ.

ನಿನ್ನ ತಂಗಿ

ಮರೆತಿದ್ದಲ್ಲ, ಬರೆಯಲು ಕೈ ಬರದೆ ಕೊನೆಗೆ ಉಳಿಸಿದ್ದು: ಪುಟ್ಟಿ ಬೀಳಿಸಲೇ ಇಲ್ಲ. ಮುಷ್ಟಿಗೆಂದು ನಾನು ಉಣ್ಣೆಬಟ್ಟೆಯಲ್ಲಿ ಹೊಲಿದ ಸ್ವೆಟರಿನ ಕತ್ತು ಚಿಕ್ಕದಾಗಿತ್ತು. ಬಿಚ್ಚಿ ಹೊಲಿಯಲು ಬೇಸರವಾಗಿ, ಮುಷ್ಟಿಯ ತಲೆ ಬಗ್ಗಿಸಿ ತುರುಕಿದೆ. ಅದು ಕಿರುಚಿ ಸೆಟೆದುಕೊಂಡಿತು. ಪುಟ್ಟಿ ಓಡಿಬಂದು ಮಡಿಲಿಗೆ ಎತ್ತಿಕೊಂಡಳು, ಅಷ್ಟೇ. ನೀನು ಒಳಗೆ ಬಂದಾಗ "ಬೀಳಿಸಿಬಿಟ್ಟಳು" ಎಂದವಳು ನಾನು. ಅವಳು ನನ್ನ ಮುಖವನ್ನೇ ನೋಡಿದಳು, ಚಿಕ್ಕಮ್ಮ ಸುಳ್ಳು ಹೇಳುತ್ತಾಳೆ ಎನ್ನಲಿಲ್ಲ. ಈ ಸಾಲುಗಳನ್ನು ಅವಳ ಮುಂದೆ ಗಟ್ಟಿಯಾಗಿ ಓದು, ಅಕ್ಕಾ. ನೀನು ಹೊಡೆದ ಕೋಣೆಯಲ್ಲಿ ಇದ್ದವರೆಲ್ಲರಿಗೂ ನಾನೇ ಬಂದು ಹೇಳುತ್ತೇನೆ, ಬಾಯಿ ಬಂದರೂ ಬರದಿದ್ದರೂ.