ಇಬ್ಬರು ಮಕ್ಕಳ ತಂದೆ

ಮಾರ್ಚ್ ೧೧, ಮಂಗಳವಾರ.

ನನ್ನ ಕೈಕೆಳಗಿನ ಫಿಟ್ಟರ್ ಇವತ್ತು ಆಸ್ಪತ್ರೆಯಿಂದ ತನ್ನ ವರದಿ ತಂದು ನನ್ನ ಮೇಜಿನ ಮೇಲಿಟ್ಟ. ವೀರ್ಯಾಣು ಸೊನ್ನೆ.

ಗ್ರೀಸ್ ತೊಳೆಯುವ ಸಾಲ್ವೆಂಟ್ ತೊಟ್ಟಿಯ ಆವಿ ಗಂಡಸರ ಬೀಜಕ್ಕೆ ಕೆಟ್ಟದ್ದೆಂದು, ಮಕ್ಕಳಾದವರನ್ನೇ ಅಲ್ಲಿಗೆ ಹಾಕುತ್ತೇನೆ. ಆದರೆ ಅಲ್ಲಿ ಬರೀ ಹಗಲು ಪಾಳಿ. ನಾಲ್ಕು ವರ್ಷದ ಹಿಂದೆ, ರಾತ್ರಿ ಹೊಸ ಹೆಂಡತಿಯ ಜೊತೆಗಿರುವ ಆಸೆಗೆ, ಇವನು ‘ಇಬ್ಬರು ಮಕ್ಕಳಿದ್ದಾರೆ’ ಎಂದು ಬರೆದುಕೊಟ್ಟ. ಸುಳ್ಳೆಂದು ಗೊತ್ತಿದ್ದೂ ಸಹಿ ಹಾಕಿದೆ. ಅವನ ಮದುವೆಯೂಟ ಉಂಡು ಆಗಿನ್ನೂ ತಿಂಗಳಾಗಿರಲಿಲ್ಲ.

‘ನಿಮಗೆ ಗೊತ್ತಿತ್ತಲ್ವಾ ಸಾರ್?’

‘ನಿನ್ನ ದೊಡ್ಡ ಮಗನಿಗೆ ಈಗ ಎಷ್ಟಯ್ಯಾ ವಯಸ್ಸು?’ ಎಂದೆ.

ಪಕ್ಕದಲ್ಲಿದ್ದ ವೆಲ್ಡರ್ ಕಿಸಕ್ಕನೆ ನಕ್ಕ. ಸುಳ್ಳು ಒಪ್ಪಿಕೊಂಡರೆ ಕೆಲಸ ಹೋಗುತ್ತದೆ. ಫಿಟ್ಟರ್ ವರದಿಯನ್ನು ಮಡಚಿ ಜೇಬಿಗಿಟ್ಟ.

‘ಆರು, ಸಾರ್.’

ಅವನನ್ನು ಬೇರೆ ಕಡೆ ಹಾಕಬಹುದಿತ್ತು. ಆದರೆ ಆ ತೊಟ್ಟಿಗೆ ಇನ್ನು ಅವನಿಗಿಂತ ತಕ್ಕವನು ಯಾರಿದ್ದಾನೆ ಎಂದು ಆಗಲೇ ಅನಿಸಿಬಿಟ್ಟಿತ್ತು. ನನಗೆ ನಾಚಿಕೆ ಬರಲೆಂದು ಇಷ್ಟು ಹೊತ್ತು ಎದ್ದು ಕಾದೆ. ನಿದ್ದೆ ಬರುತ್ತಿದೆ.