ಡಬ್ಬಿಯಲ್ಲಿ ಒಂದು ಪೇಡೆ

ಇಚಲಕರಂಜಿ
ತಾ. ೧೨-೧೧-೧೯೬೮

ಗಡಹಿಂಗ್ಲಜದ ಫಕೀರವ್ವಕ್ಕನಿಗೆ,

ತಮ್ಮ ರಾಮಲಿಂಗ ಇದ್ದಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದಾನೆಂದು ತಿಳಿ. ನಾವೆಲ್ಲ ಕ್ಷೇಮ, ನಿನ್ನ ಮೊಣಕಾಲು ಕ್ಷೇಮವೇ? ದೀಪಾವಳಿಯ ಫರಾಳದ ಡಬ್ಬಿ ಮುಟ್ಟಿ ಇಪ್ಪತ್ತು ದಿನವಾಯಿತು. ಉತ್ತರ ತಡವಾದದ್ದು ನನ್ನ ತಪ್ಪು. ನೆಪ ಹೇಳಿದರೆ ನೀನು ನಂಬುವವಳೂ ಅಲ್ಲ. ಕರಚಿಕಾಯಿ ಮೂರು ದಿನ ಬಾಳಿದವು, ಚಕ್ಕುಲಿ ಒಂದೇ ದಿನ ತಾಳಿದವು. ಎಲ್ಲಕ್ಕೂ ಮೇಲೆ ಎಂದಿನಂತೆ ಒಂದೇ ಒಂದು ಪೇಡೆ ಇಟ್ಟಿದ್ದೀ. ಎಂದಿನಂತೆ ನಾನು ತಿನ್ನಲಿಲ್ಲ.

ನಾನು ವಾರವೆಲ್ಲ ಮಗ್ಗದ ಸಾವಕಾರನ ಪೇಢಿಯಲ್ಲಿ ಲೆಕ್ಕ ಬರೆಯುವ ಕಾರಕೂನ, ರವಿವಾರ ಮುಂಜಾನೆ ಮಾತ್ರ ಮನುಷ್ಯ. ಇಲ್ಲಿಯ ಟಾಕೀಜಿನಲ್ಲಿ ಆ ಹೊತ್ತಿಗೆ ಇಟಲಿಯವರು ತೆಗೆದ ಕುದುರೆ-ಪಿಸ್ತೂಲಿನ ಚಿತ್ರ ಹಾಕುತ್ತಾರೆ. ಮಾತು ಇಂಗ್ಲಿಷಿನಲ್ಲಿ, ಧೂಳು ಮಾತ್ರ ನಮ್ಮದರಂತೆಯೇ. ಆಟ ಮುಗಿದ ಮೇಲೆ ನಾಗೂಬಾಯಿಯ ಚಹದಂಗಡಿಯಲ್ಲಿ ನಮ್ಮ ಮಂಡಳಿ ಕೂಡುತ್ತದೆ. ಕಳೆದ ತಿಂಗಳ ಚಿತ್ರದಲ್ಲಿ ಎಂಟು ವರ್ಷದ ಒಬ್ಬ ಹುಡುಗ. ಅವನ ಕಣ್ಣೆದುರೇ ಅಪ್ಪನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಆ ಹುಡುಗನ ನಟನೆಯ ಮೇಲೆ ಎರಡು ಪಕ್ಷವಾದವು.

“ಗುಂಡ ಹಾರೂಕಿಂತ ಮೊದಲ ಕಣ್ಣ ಮುಚ್ಚತಾನ. ಮುಂದ ಏನ ಆಗತೈತಿ ಅಂತ ಅವಗ ಮೊದಲ ಹೇಳ್ಯಾರ,” ಎಂದ ಧೋಂಡಿಬಾ.

ಕೃಷ್ಣಾತ ಮಗ್ಗದವನು. ಲೂಮಿನ ಸದ್ದಿನಲ್ಲಿ ಕಿವಿ ಕೇಳುವುದಿಲ್ಲವೆಂದು ಇಲ್ಲಿ ಮಗ್ಗದವರೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಅವನೆಂದ: “ತುಟಿ ಒಂದ ಹೇಳತೈತಿ, ಮಾತ ಒಂದ ಕೇಳತೈತಿ. ಅವರ ಮಾತ ಎಲ್ಲಾ ಸುಳ್ಳ. ಆದ್ರ ಹುಡುಗನ ಅಳೂ ಖರೇ ಐತಿ ನೋಡ್ರಿ.”

“ಕುದುರಿಗಿ ನಾಕ ಸಲ ನೀರ ಕುಡಿಸಿದ್ರು,” ಎಂದಳು ನಾಗೂಬಾಯಿ, ಕಪ್ಪು-ಬಸಿ ಒರೆಸುತ್ತ. “ಆ ಕೂಸಿಗಿ ಒಂದ ತುತ್ತ ಯಾರರ ಹಾಕಿದ್ರೇನು?”

ಆಗ ಬಾಯಿ ತೆರೆದವರು ದಾದಾಸಾಹೇಬರು. ಮೊದಲು ಕೊಲ್ಹಾಪುರದ ಸ್ಟುಡಿಯೋದಲ್ಲಿ ಸಹಾಯಕ ನಿರ್ದೇಶಕರಾಗಿದ್ದ ಮುದುಕರು. ಈಗ ಇಲ್ಲಿ ಮಗನ ಮನೆಗೆ ಬಂದಿದ್ದಾರೆ. ಮಂಡಳಿಯಲ್ಲಿ ಅವರ ಮಾತೆಂದರೆ ತೀರ್ಪು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ಹುಡುಗರನ್ನ ಅಳಸೂದು ನನಗ ಕೇಳ್ರಿ. ಮೂವತ್ಮೂರನೇ ಸಾಲಿನ್ಯಾಗ ಗಡಹಿಂಗ್ಲಜ ಕಡೀದ ಒಂದ ಪೋರ ಇತ್ತು. ಏನ ಮಾಡಿದ್ರೂ ಅಳವಲ್ದು. ಬಾಜೂಕ ಕರದು, ‘ನಿಮ್ಮ ಅವ್ವ ಸತ್ತಳು, ಈಗ ಊರಿಂದ ತಂತಿ ಬಂತು’ ಅಂದೆ. ಹಂಗ ಅತ್ತಾ ಅಂದ್ರ! ನಮ್ಮ ದೈವಕ್ಕ ಅಷ್ಟರಾಗ ರೀಲ ಮುಗದಿತ್ತು. ಹೊಸಾ ರೀಲ ಹಾಕಿ, ‘ಛಲೋ ಬಂತು, ಮತ್ತೊಮ್ಮೆ ಅಳು’ ಅಂದೆ. ಮತ್ತ ಅತ್ತ. ಆಮ್ಯಾಲ ಕೈಯಾಗ ಒಂದ ಪೇಡೆ ಇಟ್ಟು, ‘ಹೋಗ, ನಿಮ್ಮ ಅವ್ವ ಜೀವಂತ ಅದಾಳ’ ಅಂತ ಹೇಳಿದ್ನಿ.”

ಎಲ್ಲರೂ ನಕ್ಕರು. ಬಸಿಯಲ್ಲಿದ್ದ ನನ್ನ ಚಹ ಆರಿಹೋಯಿತು.

ಅಕ್ಕಾ, ಒಂಬತ್ತು ವರ್ಷದವನಿದ್ದಾಗ ಅಪ್ಪ ನನ್ನನ್ನು ಪಾತ್ರ ಮಾಡಲೆಂದು ಆ ಸ್ಟುಡಿಯೋದಲ್ಲಿ ಬಿಟ್ಟುಬಂದದ್ದು ನಿನಗೆ ನೆನಪಿದೆ. ಆ ಪೋರ ನಾನು. ಈ ಮನುಷ್ಯನಿಗೆ ಆಗ ಕರಿ ಮೀಸೆ ಇತ್ತು, ಹಾಗಾಗಿ ಎರಡು ತಿಂಗಳು ಮಗ್ಗುಲಲ್ಲೇ ಕುಳಿತೂ ನಾನು ಗುರುತು ಹಿಡಿಯಲಿಲ್ಲ. ಮೂವತ್ತೈದು ವರ್ಷ ನಾನು ಇವರಿಗಾಗಿ ಮನಸ್ಸಿನಲ್ಲಿ ಪದ್ಯ ಕಟ್ಟಿದ್ದೇನೆ, ಒಂದರಲ್ಲೂ ಪ್ರಾಸ ಕೆಟ್ಟಿಲ್ಲ.

ದೇವರಿಗೂ ಪ್ರಾಸ ಇಷ್ಟವೆಂದು ಕಾಣುತ್ತದೆ. ಮುಂದಿನ ವಾರವೇ ಮಂಡಳಿಯವರು ದಾದಾಸಾಹೇಬರಿಗೆ ಶಾಲು ಹೊದಿಸಿ ಸತ್ಕಾರ ಮಾಡಬೇಕೆಂದರು. ಮಾನಪತ್ರ ಬರೆಯಲು ಊರಲ್ಲಿ ನನ್ನನ್ನು ಬಿಟ್ಟರೆ ಯಾರಿದ್ದಾರೆ?

ಮೊನ್ನೆ ರವಿವಾರ, ಆಟ ಮುಗಿದ ಮೇಲೆ ಟಾಕೀಜಿನಲ್ಲೇ ಸಮಾರಂಭ. ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ನಾನು ಮರಾಠಿಯಲ್ಲಿ ಓದಿದ್ದನ್ನು ನಿನಗಾಗಿ ಕನ್ನಡಕ್ಕೆ ಇಳಿಸಿದ್ದೇನೆ:

ಗ್ಲಿಸರಿನ್ ಇಲ್ಲ, ಉಳ್ಳಾಗಡ್ಡಿ ಇಲ್ಲ, ಪೈಸೆ ಖರ್ಚಿಲ್ಲ;
ಸತ್ತಳು ನಿನ್ನವ್ವ ಎಂದರೆ ಸಾಕು, ಕಣ್ಣಿಗೆ ತಡೆಯಿಲ್ಲ.
ಬದುಕಿದ ತಾಯಿಯ ಕೊಂದು ಗೆದ್ದವರು, ಇವರಿಗೆ ಸಮರಿಲ್ಲ;
ಅತ್ತ ಆ ಹುಡುಗ ನಾನೇ, ಸಾಹೇಬರೆ, ಇನ್ನೂ ಮರೆತಿಲ್ಲ.

ಮೊದಲ ಸಾಲಿಗೆ ಸಭೆ ನಕ್ಕಿತು, ಎರಡನೆಯದಕ್ಕೆ ಚಪ್ಪಾಳೆ ತಟ್ಟಿತು, ಮೂರನೆಯದಕ್ಕೆ ಜನ ಮುಖ ಮುಖ ನೋಡಿಕೊಂಡರು. ನಾಲ್ಕನೆಯದಕ್ಕೆ ನಾಗೂಬಾಯಿ ಎದ್ದು ಹೊರಗೆ ಹೋದಳು. ದಾದಾಸಾಹೇಬರು ಬಾಜೂಕಿನ ಧೋಂಡಿಬಾನ ಕಡೆ ವಾಲಿ ಏನೋ ಅಂದು, ಶಾಲಿನ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಖರೆ ಕಣ್ಣೀರೋ, ಅಲ್ಲವೋ, ನನಗೆ ತಿಳಿಯಲಿಲ್ಲ. ತಿಳಿಯದ ಹಾಗೆ ಮಾಡಿದವರೇ ಅವರು. ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ: “ಛಲೋ ಬಂತ್ರಿ ಸಾಹೇಬ್ರ. ಆದ್ರ ರೀಲ ಮುಗದಿತ್ತು. ಮತ್ತೊಮ್ಮೆ ಅಳ್ರಿ.”

ಅರ್ಧ ತಾಸು ನನಗೆ ಹೊಟ್ಟೆ ತುಂಬಿದ ಹಾಗಿತ್ತು. ಆಮೇಲೆ ಕೃಷ್ಣಾತ ನನ್ನನ್ನು ಮೂಲೆಗೆ ಕರೆದ. “ಕಾರಕೂನ್ರ, ಅಂವಾ ಧೋಂಡಿಬಾಗ ಏನ ಅಂದಾ ಗೊತ್ತೇನ್ರಿ? ನಾ ದೂರಿಂದ ತುಟಿ ನೋಡೇನಿ. ‘ಅಷ್ಟ ಪೋರಗೋಳಾಗ ಇಂವ ಯಾವ ಪೋರ?’ ಅಂದಾನ.”

ಎಷ್ಟು ಹುಡುಗರಿಗೆ ಎಷ್ಟು ಸಲ ಅವ್ವ ಸತ್ತಿದ್ದಳೋ. ನಾನು ಲೆಕ್ಕಕ್ಕೂ ಇರಲಿಲ್ಲ. ಇನ್ನು ಮೇಲೆ ಪ್ರತಿ ರವಿವಾರ ಅವರ ಮಗ್ಗುಲಲ್ಲೇ ಕೂಡುತ್ತೇನೆ, ಪ್ರತಿ ರವಿವಾರ ಒಂದು ಪದ್ಯ ಓದುತ್ತೇನೆ. ಅವರಿಗೆ ಯಾವ ಪೋರ ಎಂದು ನೆನಪಾಗುವವರೆಗೆ ಬಿಡುವವನಲ್ಲ.

ಮನೆಯ ಮಕ್ಕಳಿಗೆ ನನ್ನ ಆಶೀರ್ವಾದ. ಕಾಗದ ಓದಿ ಹೇಳುವ ಸೊಸೆ ಶಾಲನಳಿಗೆ ಎರಡು ಪಟ್ಟು ಆಶೀರ್ವಾದ, ನನ್ನ ಅಕ್ಷರ ಅಂಥದು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ತಮ್ಮ,
ರಾಮಲಿಂಗ

ತಾ.ಕ.: ಶಾಲನ, ಇಲ್ಲಿಂದ ಮುಂದೆ ನೀನು ಓದಬೇಡ ಮಗಳೇ. ಕಾಗದ ಅತ್ತೆಯ ಕೈಗೆ ಕೊಡು. ಅಕ್ಷರ ಕೂಡಿಸಿ ಕೂಡಿಸಿ ಅವಳೇ ಓದಲಿ.

ಅಕ್ಕಾ, ದಾದಾಸಾಹೇಬರು ಆ ಸುಳ್ಳು ಹೇಳಿ ಹದಿನೆಂಟು ದಿನವಾಗಿತ್ತು. ಪಾಂಡುಕಾಕಾ ಊರಿಂದ ಬಂದು, ಸ್ಟುಡಿಯೋದ ಬೇವಿನ ಗಿಡದ ಕೆಳಗೆ ನಿಂತು, “ನಿಮ್ಮವ್ವ ಹೋದಳಪಾ, ನಡಿ, ಮಣ್ಣಿಗೆ ಬಾ” ಎಂದ. ನಾನು ನಕ್ಕೆ. ಕೈ ಚಾಚಿ “ಪೇಡೆ ಎಲ್ಲಿ ಕಾಕಾ?” ಎಂದು ಕೇಳಿದೆ. ಅವನು ನನ್ನ ಕಪಾಳಕ್ಕೆ ಹೊಡೆದು ಒಬ್ಬನೇ ಹೋದ. ಅವ್ವ ಸತ್ತಳೆಂದರೆ ನಕ್ಕು ಪೇಡೆ ಕೇಳಿದ ಎಂದು ಊರಲ್ಲಿ ನಿಮಗೆಲ್ಲ ಹೇಳಿದ್ದು ನನಗೆ ಗೊತ್ತಿದೆ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಅವನು ಹೋದ ಮೇಲೆ ನಾನು ಗಿಡದ ಹಿಂದೆ ಹೋಗಿ ಕ್ಯಾಮೆರಾ ಎಲ್ಲಿ ಅಡಗಿಸಿದ್ದಾರೆಂದು ಸಂಜೆಯವರೆಗೆ ಹುಡುಕಿದೆ. ಐದನೆಯ ದಿನ ಅಪ್ಪ ಬಂದು ಊರಿಗೆ ಕರೆದುಕೊಂಡು ಹೋದಾಗ, ಅವ್ವನ ಹಸಿರು ಸೀರೆ ನಿನ್ನ ಮೈಮೇಲೆ ಇತ್ತು. ಆಗ ನಂಬಿದೆ.

ಹಾಗೇಕೆ ಮಾಡಿದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಮೂವತ್ತೈದು ದೀಪಾವಳಿ, ಮೂವತ್ತೈದು ಪೇಡೆ. ಕೃಷ್ಣಾತ ನಾಳೆ ನಿಮ್ಮ ಕಡೆ ಬರುತ್ತಾನೆ, ಅವನ ಕೈಯಲ್ಲಿ ಡಬ್ಬಿ ಹಿಂದಕ್ಕೆ ಕಳಿಸುತ್ತಿದ್ದೇನೆ. ಈ ವರ್ಷದ ಪೇಡೆ ಅದರಲ್ಲೇ ಇದೆ.